ಬೆರಳು ತೋರಿಸಿದ ದಿಕ್ಕು

ಜೀರುಂಡೆಯ ಕಿವಿ ಅದರ ಮುಂಗಾಲಲ್ಲಿರುತ್ತದೆ, ಮೊಣಕಾಲಿನ ತುಸು ಕೆಳಗೆ. ಎರಡೂ ಕಿವಿಗಳನ್ನು ಮೈಯೊಳಗಿನ ಉಸಿರುಕೊಳವೆ ಜೋಡಿಸುತ್ತದೆ. ಸದ್ದು ಹೊರಗಿನಿಂದಲೂ ಒಳಗಿನಿಂದಲೂ ಬಂದು ತಾಗುವುದರಿಂದ, ಅದು ಬಂದ ಬದಿಯ ಕಾಲಿಗೆ ಹೆಚ್ಚು ಕೇಳುತ್ತದೆ. ಕೂಗುವುದು ಗಂಡು; ಹೆಣ್ಣು ಅತ್ತ ತಿರುಗಿ ನಾಲ್ಕು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ದಿಕ್ಕು ತಿದ್ದಿಕೊಳ್ಳುತ್ತದೆ. ಧಾರವಾಡದ ಕಾಲೇಜೊಂದರಲ್ಲಿ ಪ್ರತಿ ವರ್ಷ ನಾನು ಈ ಪಾಠ ಮಾಡುತ್ತೇನೆ.

ನನ್ನ ಗೆಳತಿಯೂ ಅಲ್ಲೇ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಮಳೆಗಾಲ ಮುಗಿದ ಮೇಲೆ ಶನಿವಾರ ಸಂಜೆ ಇಬ್ಬರೂ ಸುಳ್ಳ ಎಂಬ ಹಳ್ಳಿಯ ಹೊಲಗಳಿಗೆ ಹೋಗಿ ಜೀರುಂಡೆಗಳ ಸದ್ದು ರೆಕಾರ್ಡ್ ಮಾಡುತ್ತೇವೆ. ಹುಡುಕುವ ಪದ್ಧತಿ ನಮ್ಮದೇ. ನಾನು ದೂರ ನಿಂತು ಸದ್ದಿನತ್ತ ಕೈ ಚಾಚುತ್ತೇನೆ. ಅವಳು ನನ್ನ ಬೆರಳನ್ನು ನೋಡಿಕೊಂಡು, ಕಣ್ಣು ಮುಚ್ಚಿ, ಆ ನೇರಕ್ಕೆ ನಡೆಯುತ್ತಾಳೆ. ಕಣ್ಣು ತೆರೆದಿದ್ದರೆ ಕಿವಿ ಮಂದವಾಗುತ್ತದೆಂದು ಅವಳ ನಂಬಿಕೆ. ಹುಳು ಸುಮ್ಮನಾದರೆ ಅವಳೂ ಇದ್ದಲ್ಲೇ ನಿಲ್ಲಬೇಕು.

ಆ ಸಂಜೆ ಬದುವಿನಾಚೆ ಒಂದು ಹುಳು ಜೋರಾಗಿ ಕೂಗುತ್ತಿತ್ತು. ಸದ್ದಿನಲ್ಲಿ ಕೊಡದೊಳಗಿನಂಥ ಮೊಳಗು ಇತ್ತು. ಅದನ್ನು ನಾನು ಗಮನಿಸಿದ್ದೆ. ಒಳ್ಳೆಯ ಗಂಡು ಎಂದಷ್ಟೇ ಅಂದುಕೊಂಡು ಕೈ ಚಾಚಿದೆ. ಅವಳು ಹುಲ್ಲಿನೊಳಗೆ ನಡೆದಳು.

ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸು ಚೀರಿದಳು: “ಯವ್ವಾ, ನಿಂದರ್ರಿ! ಬಾವಿ ಐತಿ!”

ಕೂಗಿಗೆ ಹುಳು ಸುಮ್ಮನಾಯಿತು. ಗೆಳತಿ ನಿಂತಳು. ಯಾರೋ ಯಾರನ್ನೋ ಕರೆಯುತ್ತಿದ್ದಾರೆಂದು ಅವಳಿಗೆ ಅನಿಸಿತ್ತಂತೆ; ನಿಂತದ್ದು ಹುಳು ಸುಮ್ಮನಾದದ್ದಕ್ಕೆ. ಅವಳ ಬಲಗಾಲಿನ ಮುಂದೆ ಒಂದು ಗೇಣು ಹುಲ್ಲು, ಅದರಾಚೆ ಕಟ್ಟೆಯಿಲ್ಲದ ಹಾಳು ಬಾವಿ. ಹುಳು ಇದ್ದದ್ದು ಬಾವಿಯ ಒಳಗೋಡೆಯ ಕಲ್ಲುಸಂದಿಯಲ್ಲಿ. ನಾನಿನ್ನೂ ಕೈ ಇಳಿಸಿರಲಿಲ್ಲ.

ಹೆಂಗಸು ಓಡಿಬಂದು ಗೆಳತಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. “ಕಣ್ಣ ಮುಚ್ಚಿ ಅಡ್ಡಾಡಾಕ ಇದೇನ್ ನಿಮ್ಮ ಮನಿ ಪಡಸಾಲಿ ಏನ್ರಿ? ಏನ್ ಹುಡುಕಾಕತ್ತೀರಿ?”

“ಹುಳಾನ್ರಿ ಅಕ್ಕಾ. ಕೂಗೋ ಹುಳಾ,” ಎಂದಳು ಗೆಳತಿ.

“ನಮ್ಮ ಅಡಗಿಮನ್ಯಾಗ ಹತ್ತ ಅದಾವು, ಮಲಗಾಕ ಬಿಡವಲ್ವು. ಚೀಲಾ ತರ್ರಿ, ತುಂಬಿ ಕೊಡ್ತೇನಿ.”

ಗೆಳತಿ ನಕ್ಕಳು. ಬಸ್ಸಿನಲ್ಲಿ, “ದಿಕ್ಕು ಮಾತ್ರ ಬರೋಬ್ಬರಿ ತೋರಿಸಿದ್ದಿ ನೋಡು,” ಎಂದಳು. ಹೌದು, ಸರಿಯಾಗಿಯೇ ತೋರಿಸಿದ್ದೆ.

ಈಗ ಉತ್ತರಪತ್ರಿಕೆ ತಿದ್ದುವಾಗಲೂ ಮನಸ್ಸಿನಲ್ಲಿ ಅವಳನ್ನು ಆ ಹುಲ್ಲಿನಲ್ಲಿ ಮತ್ತೆ ನಡೆಸುತ್ತಿರುತ್ತೇನೆ. ಒಮ್ಮೊಮ್ಮೆ ಹುಳು ಸುಮ್ಮನಾಗುವುದಿಲ್ಲ.

ಮುಂದಿನ ಶನಿವಾರ ಮತ್ತೆ ಹೋದೆವು. ಬೇರೆ ಹೊಲ. ಅವಳು ಕಣ್ಣು ಮುಚ್ಚುವ ಮೊದಲೇ ನಾನು ಇಡೀ ಜಾಗವನ್ನು, ಪ್ರತಿ ಹುಲ್ಲುಪೊದೆಯನ್ನೂ ಕೋಲಿನಿಂದ ತಿವಿಯುತ್ತ, ತುಳಿದು ಬಂದೆ. ನೆಲದ ನಡುಕವೂ ಜೀರುಂಡೆಗಳ ಕಾಲಿಗೆ ತಿಳಿಯುತ್ತದೆ. ಹೊಲದಲ್ಲಿ ಒಂದು ಹುಳುವೂ ಕೂಗಲಿಲ್ಲ.

“ಎಲ್ಲಾ ಬಾಯಿ ಮುಚ್ಚಿಸಿದಿ. ಇನ್ನ ಏನ್ ರೆಕಾರ್ಡ್ ಮಾಡ್ಲಿ, ನಿನ್ನ ಚಪ್ಪಲಿ ಸಪ್ಪಳಾ?” ಎಂದಳು ಗೆಳತಿ.

ನಾನು ಇನ್ನೊಂದು ಸುತ್ತು ಹಾಕಿದೆ.