ಲಾವಣಿಗೆ ಬಂದ ನೀಲಿ ಕಾರು

ಅಕ್ಷತಾ, ಸಿದ್ದು, ನಿಮ್ಮಿಬ್ಬರಿಗೂ ಒಂದು ಮಾತು ಹೇಳಬೇಕಾಗಿದೆ. ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಆಯಿಗೆ ಗಾಡಿ ಜೋರಾಗಿ ಹೋದರೆ ಬಹಳ ಇಷ್ಟ.

ಕಾರಿನಲ್ಲಿ ಕೂತೊಡನೆ ನಾನು ಸೆರಗು ಎಳೆದುಕೊಂಡು ಕಣ್ಣು ಮುಚ್ಚುತ್ತೇನೆ. ಅದನ್ನು ನೋಡಿ ನೀವು ನಿಮ್ಮವ್ವನಿಗೆ, "ಸಾವಕಾಶ ಹೊಡಿಯವ್ವಾ, ಆಯಿ ಅಂಜಾಕತ್ತಾಳ" ಎನ್ನುತ್ತೀರಿ. ಅದು ಅಂಜಿಕೆಯಲ್ಲ. ತಿರುವು ಬಂದಾಗ ಹೊಟ್ಟೆಯೊಳಗೆ ಜುಮ್ಮೆನ್ನುತ್ತದಲ್ಲ, ಕಣ್ಣು ಮುಚ್ಚಿಕೊಂಡರೆ ಅದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ನೀವು ಪ್ರೀತಿಯಿಂದಲೇ ಹೇಳುತ್ತೀರಿ, ನಿಜ. ಆದರೆ ಆ ಪ್ರೀತಿಯಿಂದ ಪ್ರತಿ ಸಲವೂ ನನ್ನ ಒಂದೊಂದು ತಿರುವು ಹಾಳಾಗುತ್ತದೆ. ಇದನ್ನು ಓದಿದ ಮೇಲೆ ದಯವಿಟ್ಟು ಸುಮ್ಮನಿರಿ.

ಇನ್ನೊಂದು ಮಾತು. ಬಾಗಿಲ ಮುಂದೆ ನಿಂತಿರುವ ನವಿಲುಬಣ್ಣದ ಗಾಡಿಯನ್ನು ತೋರಿಸಿ ನೀವು ಗೆಳೆಯರಿಗೆ "ಇದು ನಮ್ಮ ಕಾರು" ಎಂದು ಹೇಳುವುದನ್ನು ಕೇಳಿದ್ದೇನೆ. ಅದು ನಮ್ಮದಲ್ಲ. ಲಾವಣಿಯದು, ಅಂದರೆ ಗುತ್ತಿಗೆಗೆ ತಂದದ್ದು. ಹೇಗೆ ಬಂತೆಂಬುದು ನಿಮಗೆ ಗೊತ್ತಿರಲಿ.

ನಿಮ್ಮವ್ವ, ನನ್ನ ಮಗಳು ಮಹಾನಂದಾ, ಬೀಜದ ಕಂಪನಿಯ ಕೆಲಸಕ್ಕೆ ಶಹಾಪುರದಿಂದ ಸುರಪುರದವರೆಗೆ ಹಳ್ಳಿ ಹಳ್ಳಿ ತಿರುಗುತ್ತಾಳೆ. ಹತ್ತಿಯ ಕಾಯಿ ಎಷ್ಟು ಬಿಟ್ಟಿದೆ, ಭತ್ತಕ್ಕೆ ಯಾವ ಹುಳ ಬಿದ್ದಿದೆ ಎಂದು ನೋಡುವುದು ಅವಳ ಉದ್ಯೋಗ. ಮೊದಲು ಸ್ಕೂಟಿಯ ಮೇಲೆ ಹೋಗುತ್ತಿದ್ದಳು. ಸಂಜೆ ಮನೆಗೆ ಬರುವಾಗ ಅವಳ ಬಣ್ಣವೂ ದಾರಿಯ ಬಣ್ಣವೂ ಒಂದೇ ಆಗಿರುತ್ತಿತ್ತು. ಕೊನೆಗೆ ಕಂಪನಿಯವರು, ಲೀಸಿನ ಮೇಲೆ ಒಂದು ಕಾರು ತೆಗೆದುಕೊಳ್ಳಿ, ತಿಂಗಳ ಕಂತಿನಲ್ಲಿ ಒಂದಿಷ್ಟು ನಾವು ಕೊಡುತ್ತೇವೆ, ಉಳಿದದ್ದು ನಿಮ್ಮ ಪಗಾರದಲ್ಲಿ ಮುರಿದುಕೊಳ್ಳುತ್ತೇವೆ, ಮೂರು ವರ್ಷವಾದ ಮೇಲೆ ಗಾಡಿ ವಾಪಸ್ ಕೊಟ್ಟುಬಿಡಿ ಎಂದರು.

ಇದು ನಮ್ಮ ಓಣಿಯವರಿಗೆ ಅರ್ಥವೇ ಆಗಲಿಲ್ಲ. ಅವರಿಗೆ ಗೊತ್ತಿರುವುದು ಎರಡೇ ನಮೂನೆ. ಒಂದು, ಗಾಡಿ ಕೊಳ್ಳುವುದು. ಇನ್ನೊಂದು, ಮದುವೆಗೆ ಬಾಡಿಗೆ ಹಿಡಿಯುವುದು. ಮೂರು ವರ್ಷ ಇಟ್ಟುಕೊಂಡು, ತೊಳೆದು ಒರೆಸಿ, ಆಮೇಲೆ ಮಂದಿಯ ಕೈಗೆ ಕೊಡುವ ವ್ಯವಹಾರ ಅವರಿಗೆ ವಿಚಿತ್ರವಾಗಿ ಕಂಡಿತು. ಆಚೆ ಮನೆಯ ನೀಲಮ್ಮ, "ಅಂದ್ರ ಮಗಳ್ನ ತವರಿಗಿ ಕರ್ಕೊಂಡು ಬಂದಂಗ ಆತಲ್ಲ" ಎಂದಳು. ನನಗೆ ಮಾತ್ರ ಏನೂ ಆಶ್ಚರ್ಯವಾಗಲಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಹೋದ ಮೇಲೆ ದೋರನಹಳ್ಳಿಯ ಹೊಲವನ್ನು ಶರಣಪ್ಪನಿಗೆ ಲಾವಣಿಗೆ ಕೊಟ್ಟಿದ್ದೇವೆ. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಹೊಲ ನಮ್ಮದು, ದುಡಿಮೆ ಅವನದು, ಬೆಳೆ ಅವನದು, ವರ್ಷಕ್ಕೆ ಇಷ್ಟೆಂದು ನಮಗೆ ತಂದುಕೊಡುತ್ತಾನೆ. ಭೂಮಿಗೆ ಒಪ್ಪುವ ಪದ್ಧತಿ ಕಾರಿಗೆ ಏಕೆ ಒಪ್ಪಬಾರದು? ಈ ಒಂದು ವಿಷಯದಲ್ಲಿ ಇಡೀ ಮನೆಯಲ್ಲಿ ತಿಳಿದವಳು ನಾನೇ ಎಂಬ ಗರ್ವ ನನಗೆ ಬಂತು. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳಿಗೆ ಇಂಥ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಕೇಳಿದ್ದು ನನ್ನ ತಮ್ಮ ಬಸವರಾಜನನ್ನು. ನಿಮ್ಮವ್ವನಿಗೆ ಮಾಮಾ, ಕಚೇರಿಯಿಂದ ನಿವೃತ್ತನಾದವನು. ಕಚೇರಿಯಲ್ಲಿದ್ದಾಗ ಬಂದವರಿಗಷ್ಟೇ ಸಲಹೆ ಕೊಡುತ್ತಿದ್ದ, ಈಗ ತಾನೇ ಹೋಗಿ ಕೊಡುತ್ತಾನೆ. ಅವನ ಸ್ಕೂಟರನ್ನು ಸೈಕಲ್ಲಿನವರು ದಾಟಿ ಹೋಗುತ್ತಾರೆ. ಅಂಥವನು ಕಾರಿನ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಿದ: ಗಾಡಿ ದೊಡ್ಡದಿರಬೇಕು, ಎಣ್ಣೆ ಕಡಿಮೆ ಕುಡಿಯಬೇಕು, ಬಣ್ಣ ಬಿಳಿಯೇ ಇರಬೇಕು.

"ಬಿಳಿ ಯಾಕ್ ಮಾಮಾ?"

"ನಾಳಿ ಮಾರಾಕ ಬಿಳಿಗೇ ಬೆಲಿ ಬರ್ತದ."

"ವಾಪಸ್ ಕೊಡೋ ಗಾಡಿನ ಯಾರಿಗಿ ಮಾರ್ಲಿ?"

"ಮಾರೋದು ಬಿಡೋದು ಬ್ಯಾರೆ ಮಾತು. ಮಾರಿದ್ರ ಬೆಲಿ ಬರೋ ಹಂಗ ಇರಬೇಕು."

ನಿಮ್ಮಪ್ಪನ ಮತ ಎರಡೂ ಕಡೆಗಿತ್ತು. ಗುರುಮಠಕಲ್ಲಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಮೇಷ್ಟ್ರು ಅವರು. ಯಾವ ಗಾಡಿಯಲ್ಲಿ ಕೂತರೂ ನಿದ್ದೆ ಬರುವವರಿಗೆ ಗಾಡಿಯ ಭೇದವಿಲ್ಲ.

ನಿಮ್ಮವ್ವ ಮಾತ್ರ ಮೊಬೈಲಿನಲ್ಲಿ ಒಂದು ಸಣ್ಣ ನೀಲಿ ಕಾರಿನ ಚಿತ್ರವನ್ನು ತೆಗೆಯುವುದು, ನೋಡುವುದು, ಮುಚ್ಚುವುದು ಮಾಡುತ್ತಿದ್ದಳು. ಅದು ಓಡಿಸಲು ಬಹಳ ಹಗುರವಂತೆ, ಹೇಳಿದ ಮಾತು ಕೇಳುತ್ತದಂತೆ. ಅದರ ಕಂತು ಬಿಳಿ ಗಾಡಿಗಿಂತ ಸ್ವಲ್ಪ ಹೆಚ್ಚು. ನಾನು ಕೇಳಿದರೆ, "ಇರ್ಲಿ ಬಿಡವ್ವ, ಕೆಲ್ಸಕ್ಕ ಬೇಕಾಗಿದ್ದು, ಯಾವುದಾದ್ರೇನು" ಎಂದಳು. ಆ "ಯಾವುದಾದ್ರೇನು" ನನಗೆ ಚೆನ್ನಾಗಿ ಪರಿಚಯವಿದ್ದ ಮಾತು. ನಿಮ್ಮ ಮುತ್ಯಾ ಹೋದ ಮೇಲೆ ಇದೇ ಬಸವರಾಜ ನನಗೆ ಪ್ರತಿ ವರ್ಷ ಸೀರೆ ತರುತ್ತಾನೆ. ಬೂದಿ ಬಣ್ಣ, ಇಲ್ಲವೇ ಒಣಗಿದ ಹುಲ್ಲಿನ ಬಣ್ಣ. ಗಟ್ಟಿ ಬಟ್ಟೆ, ಬಾಳಿಕೆ ಬರುತ್ತದೆ, ಕೊಳೆ ಕಾಣುವುದಿಲ್ಲ. ಬಣ್ಣ ಹಿಡಿಸಿತೇ ಎಂದು ಅವನು ಕೇಳಿದಾಗಲೆಲ್ಲ ನಾನೂ "ಯಾವುದಾದ್ರೇನಪ್ಪ" ಎನ್ನುತ್ತೇನೆ. ಸೀರೆಯಾದರೆ ಪೆಟ್ಟಿಗೆಯಲ್ಲಿಟ್ಟು ಮರೆಯಬಹುದು. ಕಾರಿನಲ್ಲಿ ಅವಳು ದಿನವೆಲ್ಲ ಕೂರಬೇಕು. ಬೇರೆಯವರ ಬುದ್ಧಿಯೊಳಗೆ ಮೂರು ವರ್ಷ ಕೂತು ಊರೂರು ತಿರುಗುವುದೆಂದರೆ ಹೇಗೆ?

ಯಾದಗಿರಿಯ ಶೋರೂಮಿಗೆ ಹೋಗುವ ದಿನ ನಿಮ್ಮವ್ವ, ಬಸವರಾಜರ ಜೊತೆ ನಾನೂ ಹೊರಟೆ. ಕಾರಣ ಕೇಳಿದ್ದಕ್ಕೆ, ಯಾದಗಿರಿಯಲ್ಲಿ ಅಕ್ಷತಾಗೆ ಬಳೆ ಚಲೋ ಸಿಗುತ್ತವೆ ಎಂದೆ. ಶಹಾಪುರದ ಗುಡ್ಡಗಳ ಆಕಾರದಲ್ಲಿ ಬುದ್ಧ ಎಂದಿನಂತೆ ಮಲಗಿದ್ದ. ಬಸ್ಸಿನ ಕಿಟಕಿಯಿಂದ ಅವನನ್ನು ನೋಡಿ, ಆಸೆಯೇ ದುಃಖಕ್ಕೆ ಮೂಲವೆಂದು ಇವನು ಹೇಳಿದ್ದೇನೋ ಸರಿ, ಆದರೆ ಇವನು ರಥದಲ್ಲಿ ತಿರುಗಿದ್ದೆಲ್ಲ ಅದಕ್ಕಿಂತ ಮೊದಲೇ ಆಗಿತ್ತಲ್ಲ ಎಂದುಕೊಂಡೆ.

ಶೋರೂಮಿನಲ್ಲಿ ಲೀಸಿನ ವ್ಯವಹಾರ ನೋಡುವವರು ಒಬ್ಬ ನಡುವಯಸ್ಸಿನ ಸಾಹೇಬರು, ಬಹಳ ನಯವಾದ ಮನುಷ್ಯ. ಕರಾರು ವಿವರಿಸುತ್ತಾ ಹೋದರು. ವರ್ಷಕ್ಕೆ ಇಂತಿಷ್ಟು ದೂರ ಓಡಿಸಬಹುದು, ಹೆಚ್ಚಾದರೆ ಹೆಚ್ಚಿನ ಹಣ. ಗೀರು ಬಿದ್ದರೆ ಹೀಗೆ, ಅಪಘಾತವಾದರೆ ಹಾಗೆ. ಕೇಳುತ್ತಾ ಕೇಳುತ್ತಾ ನನಗೆ ನಮ್ಮ ಹೊಲದ ಕಟ್ಟೆಯ ಮೇಲೆ ಕೂತಂತೆಯೇ ಆಯಿತು. ಲಾವಣಿ ಹಾಕುವಾಗ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಮಾತೊಂದು ಬಿಟ್ಟುಹೋದಂತಿತ್ತು. ನಾನು ನಿಮ್ಮವ್ವನ ಕಿವಿಯಲ್ಲಿ ಪಿಸುಗುಟ್ಟಿದೆ. ಶೋರೂಮಿನಲ್ಲಿ ತಂಪು ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ, ಎಲ್ಲರಿಗೂ ಕೇಳಿಸಿತು.

"ಒಡ್ಡು ಒಡದ್ರ ಯಾರು ಹಾಕೋದು, ಕೇಳು."

ಸಾಹೇಬರು ಗಲಿಬಿಲಿಗೊಂಡು, "ಏನಂದ್ರಿ ಅಮ್ಮಾರ?" ಎಂದರು. ನಾನು ಸೆರಗಿನೊಳಗೆ ಹೋದೆ. ನಿಮ್ಮವ್ವ ನಗು ತಡೆದುಕೊಂಡು, "ಟೈರು, ರಿಪೇರಿ ಯಾರ ಮ್ಯಾಲ ಅಂತ ಕೇಳಾಕತ್ತಾಳ್ರಿ" ಎಂದಳು. ಆಮೇಲೆ ನನ್ನತ್ತ ತಿರುಗಿ, "ಅದನ್ನ ನಿನ್ನೇನೇ ಓದಿಕೊಂಡು ಬಂದೀನವ್ವ. ಬಿಳಿದಕ್ಕ ನಮ್ಮ ಮ್ಯಾಲ, ನೀಲಿದಕ್ಕ ಅವರ ಮ್ಯಾಲ" ಎಂದಳು. ಅಂದರೆ ನಮ್ಮ ಕಾಲುವೆ ದಾರಿಗಳಲ್ಲಿ ಟೈರು ಹರಿದಾಗ ಎರಡು ಗಾಡಿಗಳ ಖರ್ಚೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ದೊಡ್ಡ ಪರದೆ, ಮೇಲ್ಛಾವಣಿಯ ಗಾಜು, ಹೊಳೆಯುವ ಚಕ್ರ ಬೇಡವೆಂದರೆ ನೀಲಿ ಗಾಡಿಯ ಕಂತು ಇನ್ನೂ ಇಳಿಯುತ್ತಿತ್ತು. ಅವಳು ಎಲ್ಲವನ್ನೂ ಲೆಕ್ಕ ಹಾಕಿಯೇ ಬಂದಿದ್ದಳು. ತನಗೆ ಅದು ಬೇಕು ಎಂಬ ಒಂದು ಮಾತನ್ನು ಬಿಟ್ಟು.

ಇಲ್ಲಿ ನನ್ನ ಅಪ್ಪನ ಸುದ್ದಿ ಸ್ವಲ್ಪ ಹೇಳಬೇಕು. ಅವನು ಎತ್ತು ಆರಿಸುವುದರಲ್ಲಿ ಹೆಸರಾದವನು. ಎಲ್ಲರೂ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಗೊರಸು ತಟ್ಟುತ್ತಿದ್ದರು. ಅಪ್ಪ ಅದೆಲ್ಲ ಮುಗಿದ ಮೇಲೆ ಎತ್ತುಗಳನ್ನು ಖಾಲಿ ಬಂಡಿಗೆ ಹೂಡಿಸಿ, ನಮ್ಮ ಅಣ್ಣನನ್ನು ಹತ್ತಿಸಿ, ಒಂದು ಸುತ್ತು ಹೊಡೆದುಕೊಂಡು ಬಾ ಎಂದು ಕಳಿಸುತ್ತಿದ್ದ. ತಿರುಗಿ ಬಂದಾಗ ಎತ್ತಿನ ಕಡೆ ನೋಡುತ್ತಲೇ ಇರಲಿಲ್ಲ. ಅಣ್ಣನ ಮುಖ ನೋಡಿ ವ್ಯಾಪಾರ ಮುಗಿಸುತ್ತಿದ್ದ. ಹೊಡೆಯುವವನಿಗೆ ಖುಷಿಯಿಲ್ಲದ ಎತ್ತು ಎಷ್ಟು ಅಗ್ಗವಾದರೂ ಮೇವು ದಂಡ ಎಂಬುದು ಅವನ ಲೆಕ್ಕ.

ಭೀಮಾ ಸೇತುವೆಯವರೆಗೆ ಓಡಿಸಿ ನೋಡಲು ಎರಡೂ ಗಾಡಿ ಕೊಟ್ಟರು. ಮೊದಲು ಬಿಳಿಯದು. ಬಸವರಾಜ ಮುಂದೆ ಕೂತ, ನಾನು ಹಿಂದೆ. ಗಾಡಿಯೇನೋ ದೊಡ್ಡದು, ಮೆತ್ತಗಿತ್ತು. ಆದರೆ ನಿಮ್ಮವ್ವ ತಿರುಗಿಸಿದ ಮೇಲೆ ಅದು ಸ್ವಲ್ಪ ಹೊತ್ತು ಯೋಚಿಸಿ, ಮನೆಯ ಹಿರಿಯರನ್ನು ಕೇಳಿ, ಆಮೇಲೆ ತಿರುಗುತ್ತಿತ್ತು. ಬಸವರಾಜ ತೂಕಡಿಸಿದ. ಎದ್ದು, "ನೋಡ್ರಿ, ಎಷ್ಟ್ ಆರಾಮ ಅದ" ಎಂದ. ಕನ್ನಡಿಯಲ್ಲಿ ಮಗಳ ಮುಖ ನೋಡಿದೆ. ತೆರಿಗೆ ಕಟ್ಟಲು ಸಾಲಿನಲ್ಲಿ ನಿಂತವರ ಮುಖ.

ಆಮೇಲೆ ನೀಲಿಯದು. ಊರು ದಾಟಿ ದಾರಿ ಬಯಲಾಯಿತು. ನಾನು ಕಣ್ಣು ಮುಚ್ಚಿದೆ. ಮೊದಲ ತಿರುವಿಗೇ ಹೊಟ್ಟೆಯಲ್ಲಿ ಜುಮ್ಮೆಂದಿತು. ಮದುವೆಯಾಗಿ ಗಂಡನ ಮನೆಗೆ ಬರುವಾಗ ಬಂಡಿ ಹೊಡೆದವರು ನಿಮ್ಮ ಮುತ್ಯಾನೇ. ಊರು ಕಾಣುವವರೆಗೆ ಸಭ್ಯರಾಗಿದ್ದು, ಕೊನೆಯ ಇಳಿಜಾರಿನಲ್ಲಿ ಎತ್ತುಗಳನ್ನು ಓಡಲು ಬಿಟ್ಟಿದ್ದರು. ಒಳಗೆ ಕೂತ ಹೆಂಗಸರೆಲ್ಲ ಅವರನ್ನು ಬೈಯುತ್ತಿದ್ದರು. ನಾನು ಸೆರಗಿನೊಳಗೆ ನಗುತ್ತಿದ್ದೆ. ಈ ಮನುಷ್ಯನ ಜೊತೆ ಬಾಳಬಹುದು ಎಂದು ನನಗೆ ಅನ್ನಿಸಿದ್ದು ಆಗಲೇ. ಅದೇ ಜುಮ್ಮು, ಇಷ್ಟು ವರ್ಷದ ಮೇಲೆ, ಬೇರೆಯವರ ಕಾರಿನಲ್ಲಿ.

ಒಂದು ಕಣ್ಣು ತೆರೆದೆ. ಬಸವರಾಜ ಮೇಲಿನ ಹಿಡಿಕೆಗೆ ಜೋತುಬಿದ್ದು ತಿಂಥಣಿಯ ದೇವರು ಮೌನಪ್ಪನನ್ನು ನೆನೆಯುತ್ತಿದ್ದ. ಕನ್ನಡಿಯಲ್ಲಿ ನಿಮ್ಮವ್ವ ತುಟಿ ಬಿಗಿಹಿಡಿದು ನಗುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲನ್ನು ಕದ್ದು ಏರಿಯ ಮೇಲಿಂದ ಇಳಿಸುವಾಗ ಇದ್ದ ಮುಖ. ಅದು ಎಲ್ಲಿಗೆ ಹೋಗಿತ್ತೋ ಎಂದುಕೊಂಡಿದ್ದೆ. ಒಳಗೇ ಇತ್ತು.

ತಿರುಗಿ ಬಂದು ಮೇಜಿನ ಮುಂದೆ ಕೂತಾಗ ಬಸವರಾಜ ಬೆವರು ಒರೆಸಿಕೊಂಡು, "ಬಿಳಿದೇ ಖಾಯಂ ಮಾಡ್ರಿ" ಎಂದ. ನಿಮ್ಮವ್ವ ಸುಮ್ಮನೆ ತಲೆ ಬಗ್ಗಿಸಿದಳು. ಸಾಹೇಬರು ಪೆನ್ನು ಕೈಗೆ ತೆಗೆದುಕೊಂಡರು. ಬಸವರಾಜನಿಗೆ ಅಷ್ಟಕ್ಕೇ ಸಮಾಧಾನವಾಗಬಾರದೇ? ಗೆಲುವನ್ನು ಗಟ್ಟಿ ಮಾಡಿಕೊಳ್ಳಲು ನನ್ನ ಕಡೆ ತಿರುಗಿದ.

"ಅಕ್ಕಾ, ನೀನಾರ ಹೇಳು ಅಕಿಗಿ. ನಿನಗ ಯಾವುದರಾಗ ಆರಾಮ ಅನಿಸ್ತು?"

ಗಂಡಸರು ಕೂತ ಮೇಜಿನ ಮುಂದೆ ನಾನು ಬಾಯಿ ತೆರೆದವಳಲ್ಲ. ಹೊಲದ ಲಾವಣಿ ಹಾಕುವಾಗಲೂ ಬಾಗಿಲ ಹಿಂದೆ ನಿಂತು, ಮಾತನ್ನು ಮಗಳ ಬಾಯಿಂದ ಹೇಳಿಸಿದವಳು. ಈಗ ಮಗಳ ಮಾತನ್ನು ನಾನು ಹೇಳಬೇಕಾಗಿ ಬಂತು.

"ಆರಾಮ ಬಿಳಿದರಾಗೇ ಅದ ತಮ್ಮಾ" ಎಂದೆ. ಅವನ ಮುಖ ಅರಳಿತು. "ಆದ್ರ ನೀಲಿದರಾಗ ನನ್ನ ಹೊಟ್ಟಿ ಜುಮ್ ಅಂತು. ನನಗ ಅದೇ ಬೇಕು."

ಬಸವರಾಜ ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ. "ಈ ವಯಸ್ನಾಗ ಇದೇನಕ್ಕಾ" ಎಂದ. ನಿಮ್ಮವ್ವ ತಲೆ ಎತ್ತಿ, "ನನಗೂ ಅದೇ ಬೇಕು ಮಾಮಾ" ಎಂದಳು. ಧ್ವನಿ ಸಣ್ಣದಿತ್ತು, ಆದರೆ ಸಾಹೇಬರಿಗೆ ಕೇಳಿಸುವಷ್ಟಿತ್ತು. ವಾಪಸ್ ಬರುವಾಗ ಬಳೆ ಕೊಳ್ಳುವುದನ್ನು ಮರೆತೇ ಬಂದೆವು.

ಗಾಡಿ ಮನೆಗೆ ಬಂದದ್ದು ಎಳ್ಳಮಾಸೆಯ ದಿನ. ಅಂದು ಹೊಲಕ್ಕೆ ಹೋಗಿ ಮಾಡಿದ ಅಡುಗೆಯನ್ನು ಚರಗವೆಂದು ಚೆಲ್ಲುವ ಪದ್ಧತಿ ನಿಮಗೆ ಗೊತ್ತೇ ಇದೆ. ಭೂಮಿ ನಮ್ಮನ್ನು ಉಣ್ಣಿಸುತ್ತದೆ, ಅವತ್ತೊಂದು ದಿನ ನಾವು ಅದಕ್ಕೆ ಉಣ್ಣಿಸುತ್ತೇವೆ. ಸಜ್ಜೆ ಕಡುಬು, ಪುಂಡಿಪಲ್ಯ, ಭಜ್ಜಿ ಎಲ್ಲ ಮಾಡಿ ಇಟ್ಟಿದ್ದೆ. ಗಾಡಿ ಬಾಗಿಲಿಗೆ ಬಂದು ನಿಂತಿತು. ಅದನ್ನು ತಂದ ಶೋರೂಮಿನ ಸಾಹೇಬರು ಒಳಗೆ ಬಂದು ನೀರು ಕುಡಿಯುವಷ್ಟರಲ್ಲಿ ನಾನು ಹೊರಗೆ ಹೋಗಿ, ಮೂರು ವರ್ಷ ನಮ್ಮನ್ನು ಹೊರುವ ಈ ಜೀವಕ್ಕೂ ಒಂದು ತುತ್ತು ಇರಲಿ ಎಂದು ನಾಲ್ಕೂ ಕಡೆಗೆ ಚರಗ ಚೆಲ್ಲಿದೆ. ಆಮೇಲೆ ಗೊತ್ತಾದದ್ದು, ಗಾಡಿ ಹೇಗಿತ್ತೋ ಹಾಗೇ ವಾಪಸ್ ಬರಬೇಕೆಂದು ಅವರು ಕೊಡುವ ದಿನವೇ ಎಲ್ಲ ದಿಕ್ಕಿನಿಂದ ಫೋಟೋ ತೆಗೆದಿಡುತ್ತಾರೆ ಎಂದು. ಅವಸರದಲ್ಲಿ ಅವರು ತೆಗೆದ ಫೋಟೋದಲ್ಲಿ ಮುಂದಿನ ಚಕ್ರಕ್ಕೆ ಹತ್ತಿದ ಪುಂಡಿಪಲ್ಯ ಸ್ಪಷ್ಟವಾಗಿ ಕಾಣುತ್ತದೆ.

"ವಾಪಸ್ ಕೊಡೋ ಮುಂದ ಪುಂಡಿಪಲ್ಯ ಹಚ್ಚೇ ಕೊಡಬೇಕೇನ್ರಿ?" ಎಂದಳು ನಿಮ್ಮವ್ವ.

"ನಮಗೂ ಒಂದ್ ಡಬ್ಬಿ ಕೊಟ್ರ ಸಾಕ್ರಿ" ಎಂದರು ಸಾಹೇಬರು. ಕೊಟ್ಟು ಕಳಿಸಿದೆವು.

ಬಸವರಾಜನ ಕಷ್ಟ ಬೇರೆ. ಹಿಂದಿನ ಗಾಜಿನ ಮೇಲೆ ದೇವರ ಹೆಸರು ಬರೆಸಬೇಕೆಂಬುದು ಅವನ ಹಟ. ಬಣ್ಣ ಬಳಿಯಬಾರದು, ಏನೂ ಅಂಟಿಸಬಾರದು ಎಂದು ಕರಾರಿನಲ್ಲಿದೆ. ಕೊನೆಗೆ ಅವನೇ ದಾರಿ ಕಂಡುಕೊಂಡ. ಗಾಜಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ "ಶ್ರೀ ಮೌನೇಶ್ವರ ಪ್ರಸನ್ನ" ಎಂದು ಬರೆಯುತ್ತಾನೆ. ಗಾಡಿ ತೊಳೆದಾಗ ದೇವರು ಹೋಗುತ್ತಾನೆ, ಒಂದು ಸುತ್ತು ಹಳ್ಳಿಗೆ ಹೋಗಿ ಬಂದರೆ ಮತ್ತೆ ಬರೆಯುವಷ್ಟು ಧೂಳು ಸಿದ್ಧ. ಈಗ ಅವನೇ ಗಾಡಿ ತೊಳೆಯಲು ಬಿಡುವುದಿಲ್ಲ.

ಆ ಎಳ್ಳಮಾಸೆಯ ದಿನ ಅದೇ ಗಾಡಿಯಲ್ಲಿ ಹೊಲಕ್ಕೆ ಹೋದೆವು. ಶರಣಪ್ಪ ಒಡ್ಡಿನ ಉದ್ದಕ್ಕೂ ಚೆಂಡುಹೂ ಹಾಕಿದ್ದ. ಅದರಿಂದ ಲಾಭವಿಲ್ಲ, ಮಾರುವುದೂ ಇಲ್ಲ. ಮಂದಿಯ ಹೊಲಕ್ಕೆ ಇದೆಲ್ಲ ಯಾಕಪ್ಪ ಎಂದು ಬಸವರಾಜ ಕೇಳಿದ್ದಕ್ಕೆ ಅವನು, "ಹೊಲ ಅಕ್ಕಾರದು ಖರೆ ರೀ. ದಿನಾ ನೋಡೋ ಕಣ್ಣು ನಂದ್ರೀ" ಎಂದು ಕಡುಬು ಬಾಯಿಗೆ ಹಾಕಿಕೊಂಡ. ಬಸವರಾಜ ಅವನನ್ನೂ ನೋಡಿದ, ದೂರದಲ್ಲಿ ನಿಂತಿದ್ದ ನೀಲಿ ಗಾಡಿಯನ್ನೂ ನೋಡಿದ. ಈ ವರ್ಷ ಅವನು ತಂದ ಸೀರೆ ಬೂದಿ ಬಣ್ಣದ್ದೇ. ಆದರೆ ಅಂಚು ನೀಲಿ. ಅಷ್ಟರಮಟ್ಟಿಗೆ ಸುಧಾರಿಸಿದ್ದಾನೆ.

ಈ ವಯಸ್ಸಿನಲ್ಲಿ ನನಗೆ ಅನ್ನಿಸುವುದು ಇಷ್ಟೇ. ಹೊಲ, ಮನೆ, ಮೈ, ಜೊತೆಗಿದ್ದ ಮನುಷ್ಯ ಯಾವುದನ್ನೂ ನಾವು ಖರೀದಿ ಮಾಡಿ ತಂದವರಲ್ಲ. ಎಲ್ಲಕ್ಕೂ ಒಂದೊಂದು ಯುಗಾದಿ ಇದೆ. ವಾಪಸ್ ಕೊಡುವ ದಿನ ಗೀರು ಎಷ್ಟಿವೆ ಎಂದು ನೋಡುವವರು ನೋಡಿಕೊಳ್ಳಲಿ. ತಿರುವಿನಲ್ಲಿ ಜುಮ್ಮೆಂದದ್ದನ್ನು ಮಾತ್ರ ಯಾರೂ ಮುರಿದುಕೊಳ್ಳಲಾರರು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ನಿಮ್ಮ ರೂಢಿ ನನಗೆ ಗೊತ್ತು, ಕೈಗೆ ಸಿಕ್ಕದ್ದನ್ನೆಲ್ಲ ಕಾರಿನ ಮುಂದಿನ ಡಬ್ಬಿಯಲ್ಲಿ ತುರುಕುತ್ತೀರಿ. ಅಲ್ಲಿ ಮಾತ್ರ ಇಡಬೇಡಿ. ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ನಡುವೆ ಇಡಿ. ಗಾಡಿ ವಾಪಸ್ ಹೋಗುತ್ತದೆ.