ಹೊರಗಿನಿಂದ ಹಾಕಿದ ಚಿಲಕ

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಬಚ್ಚಲಿನ ಬಾಗಿಲ ಮೇಲಿನ ಕಿಂಡಿಯಲ್ಲಿ ಮೊಬೈಲ್ ಇಟ್ಟು ಹಾಡು ಕೇಳುತ್ತಿದ್ದೆ. ಹಾಡು ಬದಲಿಸಲು ಕೈ ಎತ್ತಿದಾಗ ಸಮಯ ಕಣ್ಣಿಗೆ ಬಿತ್ತು. ಇವತ್ತಿಗೂ ಅದು ಮನಸ್ಸಿನಿಂದ ಅಳಿಸಿಲ್ಲ. ಹೊರಗೆ ನನ್ನ ರೂಮ್‌ಮೇಟು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ತನ್ನ ಸರದಿಗೆ ಕಾಯುತ್ತ, ಎಂದಿನಂತೆ ಬಾಗಿಲಾಚೆಯಿಂದಲೇ ನನ್ನ ಜೊತೆ ಮಾತಾಡುತ್ತಿದ್ದ. ಮಾತು ನಡುವೆಯೇ ನಿಂತಿತು.

"ಲೇ, ಬಾಗ್ಲು ತೆಗೀಬ್ಯಾಡ ಕಣ್ಲಾ."

ಹೊರಗಿನಿಂದ ಚಿಲಕ ಬಿದ್ದ ಸದ್ದಾಯಿತು.

ತಮಾಷೆ ಅಂದುಕೊಂಡೆ. ಶಿರಾದ ನಮ್ಮ ಹಾಸ್ಟೆಲಿನಲ್ಲಿ ಫಸ್ಟ್ ಇಯರ್ ಹುಡುಗರನ್ನು ಬಚ್ಚಲಲ್ಲಿ ಕೂಡಿ ಚಿಲಕ ಹಾಕುವುದು ಭಾನುವಾರದ ಮಾಮೂಲಿ ಆಟ. "ಏ, ತಗಿಯೋ, ಚಳಿ," ಅಂದೆ. ಕಿಂಡಿಯೊಳಕ್ಕೆ ಅವನ ಟವೆಲ್ಲು ನುಗ್ಗಿಬಂತು. ಹೊರಗಿನಿಂದ ಅವನು ಅದನ್ನು ಗುದ್ದಿ ಗುದ್ದಿ ತುರುಕುತ್ತಿದ್ದ. ನನ್ನ ಮೊಬೈಲ್ ಜಾರಿ ನೀರಿನ ಬಕೆಟ್ಟಿಗೆ ಬಿತ್ತು. ಆಮೇಲೆ ಓಡಿದ ಕಾಲಿನ ಸದ್ದು. ಅದರ ಹಿಂದೆಯೇ ಇನ್ನೊಂದು ಸದ್ದು ಬಂತು. ಗೋಡೆಯೇ ನಡುಗಿ ಸದ್ದು ಮಾಡಿದ ಹಾಗಿತ್ತು.

ಹೆಜ್ಜೇನು ಎದ್ದಿದ್ದವು.

ಬಚ್ಚಲುಗಳ ಸಾಲಿನ ಮೇಲಿದ್ದ ನೀರಿನ ಟ್ಯಾಂಕಿನ ಅಡಿಗೆ ಮಳೆಗಾಲದಿಂದಲೂ ಗೂಡು ಕಟ್ಟಿದ್ದವು. ನಾವು ಅದರ ಕೆಳಗೇ ಓಡಾಡಿಕೊಂಡು, ಹಲ್ಲುಜ್ಜಿಕೊಂಡು ಇದ್ದೆವು. ಅವು ಯಾರಿಗೂ ಏನೂ ಮಾಡಿರಲಿಲ್ಲ. ಆ ವಾರ ಹಂಡೆಗೆ ಸೌದೆ ಮುಗಿದಿತ್ತು. ತಣ್ಣೀರು ಸ್ನಾನ ಮಾಡಿ ಮಾಡಿ ಸೀನಿಯರ್‌ಗಳು ಗೊಣಗುತ್ತಿದ್ದರು. ಶನಿವಾರ ಸಂಜೆ ನನ್ನ ರೂಮ್‌ಮೇಟು ಎಣ್ಣೆ ಮಿಲ್ಲಿನಿಂದ ಒಂದು ಮೂಟೆ ಕಡ್ಲೆಕಾಯಿ ಹೊಟ್ಟು ಹೊತ್ತು ತಂದ. "ನಮ್ಮೂರ್ನಾಗೆ ಇದ್ರಾಗೇ ನೀರ್ ಕಾಯ್ಸಾದು. ಹಿಂಗ್ ಹಾಕಿದ್ರೆ ಹಂಗ್ ಕಾಯ್ತದೆ," ಅಂದ. ಅವನದು ಪಾವಗಡದ ಆಚೆ, ನಾಗಲಮಡಿಕೆ ಕಡೆಯ ಹಳ್ಳಿ. ಮನೆಮಾತು ತೆಲುಗು. ಅವನು ಬಾಯಿ ಬಿಟ್ಟರೆ ಊಟದ ಹಾಲ್‌ನಲ್ಲಿ ನಗುವವರೇ ಜಾಸ್ತಿ. ಆ ಸಂಜೆ ಮಾತ್ರ ಎಲ್ಲರೂ ಅವನ ಬೆನ್ನು ತಟ್ಟಿದರು. ಮೂಟೆ ರಾತ್ರಿಯೆಲ್ಲ ಬಯಲಲ್ಲಿ ಇತ್ತು, ಇಬ್ಬನಿ ಕುಡಿಯಿತು. ಬೆಳಿಗ್ಗೆ ಅವನೇ ಬಚ್ಚಲುಗಳ ಹಿಂಬದಿಯ ಹಂಡೆ ಒಲೆ ಹೊತ್ತಿಸಿದ. ಒದ್ದೆ ಹೊಟ್ಟು ಉರಿಯದೆ ದಟ್ಟ ಹೊಗೆ ಬಿಟ್ಟಿತು. ಹೊಗೆ ನೇರವಾಗಿ ಟ್ಯಾಂಕಿನ ಅಡಿಗೆ ಹೋಯಿತು.

ನಾನು ಏನನ್ನೂ ನೋಡಲಿಲ್ಲ. ಕೇಳಿಸಿಕೊಂಡೆ. ಬಕೆಟ್ಟುಗಳು ಉರುಳಿದ್ದು, ಮೇಲಿನ ಮಹಡಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿದ್ದು, ಯಾರೋ "ಅಮ್ಮಾ" ಅಂದದ್ದು. ಅದು ಯಾರ ದನಿ ಎಂದು ಗೊತ್ತಾಗಲಿಲ್ಲ. ನೋವಾದಾಗ ಎಲ್ಲರ ದನಿಯೂ ಒಂದೇ ತರಹ ಇರುತ್ತದೆ. ನಾನು ಬರಿಮೈಯಲ್ಲಿ ಮೂಲೆಗೆ ಒತ್ತಿಕೊಂಡು ಆ ಟವೆಲ್ಲನ್ನೇ ನೋಡುತ್ತಿದ್ದೆ. ಅದರ ಅಂಚಿನಿಂದ ಒಂದು ಹುಳ ನುಸುಳಿ ಒಳಗೆ ಬಂತು. ಚೆಂಬಿನಿಂದ ಹೊಡೆದು ಕೊಂದೆ. ಮತ್ತೊಂದು ಬರಲಿಲ್ಲ.

ಎಷ್ಟು ಹೊತ್ತಾಯಿತೋ. ಗೋಣಿಚೀಲ ಹೊದ್ದು ಬಂದ ಅಡುಗೆ ಅಣ್ಣ ಚಿಲಕ ತೆಗೆದರು. "ಒಳಗೊಬ್ಬ ಅವ್ನೆ ಕಣ್ರಪ್ಪೋ! ಬದುಕವ್ನೆ!" ಎಂದು ಕೂಗಿದರು. ನನ್ನ ಮೈಮೇಲೆ ಒಂದು ಗಾಯವೂ ಇರಲಿಲ್ಲ. ರೂಮ್‌ಮೇಟನ್ನು ಅಷ್ಟರಲ್ಲಿ ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿಗೆ ಕಳಿಸಿಯಾಗಿತ್ತು. ಅವನು ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿದ್ದನಂತೆ. ಮುಖ ಗುರುತು ಸಿಗುತ್ತಿರಲಿಲ್ಲವಂತೆ. ಇನ್ನೂ ಕೆಲವರಿಗೆ ಕಚ್ಚಿದ್ದವು, ಅವರು ಸಂಜೆಗೆ ವಾಪಸ್ ಬಂದರು.

ಅವನು ಬದುಕಿ ಉಳಿದುಕೊಂಡ. ತುಮಕೂರಿನಿಂದ ನೇರ ಊರಿಗೆ ಹೋದ. ಹಾಸ್ಟೆಲಿಗೆ ಬರಲಿಲ್ಲ.

ಬಾರದಿರಲು ಕಾರಣವಿತ್ತು. ಮಹಡಿಯ ಕಿಟಕಿಯಿಂದ ಯಾರೋ ವಿಡಿಯೋ ಮಾಡಿದ್ದರು. ಅವನು ಒಲೆಗೆ ಹೊಟ್ಟು ಸುರಿಯುವುದು, ಹೊಗೆ ಏಳುವುದು, ಆಮೇಲೆ ಅವನು ಎಲ್ಲರಿಗಿಂತ ಕೊನೆಯಲ್ಲಿ, ಎಲ್ಲರೂ ಓಡಿದ ದಿಕ್ಕು ಬಿಟ್ಟು ಕಾಂಪೌಂಡಿನ ಕಡೆ ಓಡುವುದು ಅದರಲ್ಲಿತ್ತು. ಬಚ್ಚಲಿನ ಬಾಗಿಲುಗಳು ಆಚೆ ಬದಿಗೆ ಇದ್ದವು, ವಿಡಿಯೋದಲ್ಲಿ ಬಿದ್ದಿರಲಿಲ್ಲ. ಹಾಸ್ಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ ಅದರ ಕೆಳಗೆ ಬೈದು ಬರೆದದ್ದನ್ನೆಲ್ಲ ಅವನೂ ಓದಿದ್ದ. ಗ್ರೂಪ್ ಬಿಟ್ಟ. ಫೋನ್ ಸ್ವಿಚಾಫ್ ಮಾಡಿದ. ಈ ತಿಂಗಳ ಕೊನೆಯೊಳಗೆ ಬರದಿದ್ದರೆ ಅವನ ಸೀಟನ್ನು ಹೊರಗೆ ಕಾಯುತ್ತಿರುವ ಇನ್ನೊಬ್ಬ ಹುಡುಗನಿಗೆ ಕೊಡುವುದಾಗಿ ವಾರ್ಡನ್ ಸಾರ್ ನನಗೆ ಹೇಳಿದರು. ಅವನ ಮನೆಯವರಿಗೆ ಹಾಸ್ಟೆಲ್ ಬಿಟ್ಟು ಬೇರೆ ರೂಮ್ ಮಾಡುವ ಶಕ್ತಿ ಇರಲಿಲ್ಲ. ಸೀಟು ಹೋದರೆ ಕಾಲೇಜೂ ಹೋದಂತೆಯೇ.

ಕೊರಟಗೆರೆ ಕಡೆಯ ಹಳ್ಳಿಯಿಂದ ಬಂದ ನನ್ನದು ಮೊದಲಿನಿಂದಲೂ ಮಾತು ಕಡಿಮೆ. ಸೇರಿದ ಹೊಸದರಲ್ಲಿ ಇಡೀ ದಿನ ಯಾರೊಂದಿಗೂ ಒಂದು ಮಾತೂ ಆಡದೆ ಮಲಗಿದ್ದುಂಟು. ಅವನು ಮಾತ್ರ ನನ್ನ ಉತ್ತರಕ್ಕೆ ಕಾಯದೆ ಮಾತಾಡುತ್ತಿದ್ದ. ಈಗ ಅವನ ಮಂಚದ ಮೇಲೆ ರೂಮಿನ ಉಳಿದ ಇಬ್ಬರು ತಮ್ಮ ಸೂಟ್‌ಕೇಸು, ಒಣಗದ ಬಟ್ಟೆ ಇಡತೊಡಗಿದರು. ನಾನು ಕಾಲೇಜಿಂದ ಬಂದು ಅವನ್ನು ಕೆಳಗಿಡುತ್ತಿದ್ದೆ. ಮರುದಿನ ಮತ್ತೆ ಅಲ್ಲೇ ಇರುತ್ತಿದ್ದವು.

ನಿದ್ದೆ ಬರುತ್ತಿರಲಿಲ್ಲ. ಯಾರದೋ ಮೊಬೈಲ್ ಮಂಚದ ಕಬ್ಬಿಣದ ಮೇಲೆ ವೈಬ್ರೇಟ್ ಆದರೆ ಎದ್ದು ಕೂತುಬಿಡುತ್ತಿದ್ದೆ. ಬಚ್ಚಲ ಬಾಗಿಲು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲು ಅರ್ಧ ತೆರೆದಿಟ್ಟು ನಾಲ್ಕು ಚೆಂಬು ಸುರಿದುಕೊಂಡು ಬರುತ್ತಿದ್ದೆ. ನೀರಿಗೆ ಬಿದ್ದೂ ಉಳಿದಿದ್ದ ಮೊಬೈಲಿಗೆ ಅಮ್ಮ ಫೋನ್ ಮಾಡಿ "ಉಂಡೇನಪ್ಪಾ?" ಅಂದರೆ ಹ್ಞೂಂ ಅನ್ನುತ್ತಿದ್ದೆ. ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು: ಚಿಲಕ ಹಾಕಲು ಇಷ್ಟು ಹೊತ್ತು, ಟವೆಲ್ಲು ತುರುಕಲು ಅಷ್ಟು ಹೊತ್ತು. ಅದನ್ನು ತಲೆಗೆ ಹೊದ್ದು ಓಡಿದ್ದರೆ?

ಒಂದು ರಾತ್ರಿ ಊಟದ ಹಾಲ್‌ನಲ್ಲಿ, ಹುಳ ಕಚ್ಚಿ ಒಂದು ಕಣ್ಣು ಇನ್ನೂ ಊದಿದ್ದ ಸೀನಿಯರ್ ಒಬ್ಬ, "ಬೆಂಕಿ ಇಟ್ಟು ಓಡೋದ ನೋಡು ತೆಲುಗೋನು," ಅಂದ. ನಾನು ತಟ್ಟೆ ಹಿಡಿದೇ ಎದ್ದು ನಿಂತೆ.

"ಅವ್ನು ಓಡ್ಲಿಲ್ಲ ಅಣ್ಣ. ನನ್ ಬಾಗ್ಲಿಗೆ ಚಿಲ್ಕ ಹಾಕ್ತಾ ನಿಂತಿದ್ದ."

"ನಿಂಗೇನ್ಲಾ ಗೊತ್ತು, ಒಳಗೆ ಸೋಪ್ ಹಚ್ಕಂಡ್ ಕುಂತಿದ್ದೋನ್ಗೆ?"

ನಗು ಎದ್ದಿತು. ಅಡುಗೆ ಅಣ್ಣ ಸಾರಿನ ಸೌಟು ಹಿಡಿದೇ ಹೇಳಿದರು: "ಚಿಲ್ಕ ಆಚೆಯಿಂದ ಹಾಕಿದ್ದಂತೂ ನಿಜ ಕಣಪ್ಪ. ನಾನೇ ತಗ್ದಿದ್ದು."

"ಅದು ಆಟಕ್ಕೆ ಹಾಕಿರ್ತಾನೆ ಬುಡಣ್ಣೋ. ನಾವೇನ್ ಹಾಕಲ್ವಾ?"

ಆ ಗಳಿಗೆಯಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆನಲ್ಲ. ಆದರೂ ಕೂರಲಿಲ್ಲ. ಟವೆಲ್ಲಿನ ವಿಷಯ ಹೇಳಿದೆ, ಕಿಂಡಿಯ ವಿಷಯ ಹೇಳಿದೆ, ಹೇಳಿದ್ದನ್ನೇ ಮತ್ತೆ ಹೇಳಿದೆ. ಕೇಳುವವರು ಎದ್ದು ಕೈ ತೊಳೆಯಲು ಹೋದರು.

ಆ ಶನಿವಾರ ಮಧುಗಿರಿಗೆ ಬಸ್ ಹತ್ತಿ, ಅಲ್ಲಿಂದ ಪಾವಗಡಕ್ಕೆ ಹೋಗಿ, ಮತ್ತೊಂದು ಬಸ್ಸಿನಲ್ಲಿ ಅವನ ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮನೆಯ ಮುಂದೆ ಆಡುಗಳಿಗೆ ನೀರು ಇಡುತ್ತಿದ್ದ. ಊತ ಇಳಿದಿತ್ತು; ಹಣೆ, ಕುತ್ತಿಗೆಯ ಮೇಲೆ ಕಪ್ಪು ಚುಕ್ಕೆಗಳು. ನನ್ನನ್ನು ನೋಡಿ ಬಕೆಟ್ ಕೆಳಗಿಡಲೇ ಇಲ್ಲ.

"ಯಾಕ್ ಬಂದೆ?"

"ತಿಂಗ್ಳು ಮುಗೀತಾ ಬಂತು. ಸೀಟು ಹೋಗ್ತದಂತೆ."

"ಹೋಗ್ಲಿ ಬುಡು. ಅವ್ರ್ ಮುಂದೆ ಯಾವ ಮಕ ಇಟ್ಕಂಡು ತಟ್ಟೆ ಹಿಡೀಲಿ? ಹೊಟ್ಟು ತಂದಿದ್ದು ನಾನೇ ತಾನೆ?"

ಅವನ ತಾಯಿ ಒಳಗಿನಿಂದ ಬಂದು ನನ್ನ ಮುಖ ನೋಡಿ, "ರಾ ನಾಯನಾ, ಕೂಚೋ," ಎಂದು ಕೂರಿಸಿ ನೀರು ಕೊಟ್ಟರು. ನಾನು ಕುಡಿದು, ದಾರಿಯುದ್ದಕ್ಕೂ ಕೇಳಬೇಕೆಂದುಕೊಂಡಿದ್ದನ್ನು ಕೇಳಿದೆ. "ಚಿಲ್ಕ ಯಾಕೋ ಹಾಕ್ದೆ?"

"ಅದಾ? ತೆಗೀಬ್ಯಾಡ ಅಂದ್ರೆ ಯಾಕೆ ಅಂತ ಕೇಳಾಕೇ ನೀನು ತಲೆ ಆಚೆ ಹಾಕ್ತೀಯ. ನಿನ್ನ ನಾನು ನೋಡಿಲ್ವಾ?"

"ಟವೆಲ್ ಹೊದ್ಕಂಡ್ ಓಡ್ಬೌದಿತ್ತಲ್ಲ."

"ಅಷ್ಟೊತ್ತಿಗೇ ಕಿವಿ ಒಳಗೆ ಎರಡು ಹೋಗಿದ್ವು. ಇನ್ನೇನ್ ಹೊದ್ಯಾದು?" ಅಂದ, ಬಸ್ ತಪ್ಪಿಹೋದ ಸುದ್ದಿ ಹೇಳುವ ಹಾಗೆ.

ನಾನು ಲೆಕ್ಕ ಹಾಕಿದ ಕ್ಷಣಗಳು ಅವನ ಬಳಿ ಇರಲೇ ಇಲ್ಲ. ಅವನು ಅವನ್ನು ಎಣಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: "ಊಟದ ಹಾಲ್‌ನಲ್ಲಿ ಎಲ್ರ ಮುಂದೆ ಹೇಳ್ದೆ. ನೀನು ಓಡ್ಲಿಲ್ಲ ಅಂತ."

ಅವನು ಈಗ ಬಕೆಟ್ ಇಟ್ಟ. "ಯಾರು? ನೀನಾ?"

"ಹ್ಞೂಂ."

"ಎದ್ ನಿಂತ್ಕಂಡಾ?"

"ತಟ್ಟೆ ಹಿಡ್ಕಂಡು."

"ಯಾರಾನ ನಂಬಿದ್ರಾ?"

"ಯಾರೂ ಇಲ್ಲ."

ಅವನು ನಗತೊಡಗಿದ. ಆಡುಗಳು ಬೆದರಿ ಹಿಂದೆ ಸರಿಯುವಷ್ಟು ನಕ್ಕ. "ಅಮ್ಮಾ, ವೀಡು ಮಾಟ್ಲಾಡಿನಾಡಂಟ!" ಇವನು ಮಾತಾಡಿದನಂತೆ ಎಂದು ಒಳಗೆ ಕೂಗಿ ಹೇಳಿದ. ತಾಯಿಗೆ ಅದರಲ್ಲಿ ನಗುವಂಥದ್ದು ಏನೆಂದು ತಿಳಿಯಲಿಲ್ಲ. ಬಹಳ ದಿನಗಳ ಮೇಲೆ ಮಗ ನಗುತ್ತಿದ್ದಾನೆಂದು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಸೀಟಿನ ಮಾತು ಇಬ್ಬರೂ ಎತ್ತಲಿಲ್ಲ. ಮುದ್ದೆ ಉಂಡು ಜಗಲಿಯ ಮೇಲೆ ಚಾಪೆ ಹಾಕಿಕೊಂಡೆವು. ಅವನು ಏನೋ ಹೇಳಲು ಶುರುಮಾಡಿದ್ದು ನೆನಪಿದೆ; ಅದು ಎಲ್ಲಿಗೆ ಮುಟ್ಟಿತೋ ತಿಳಿಯದು.

ಕಣ್ಣು ಬಿಟ್ಟಾಗ ಬಿಸಿಲು ಎದೆಯವರೆಗೆ ಬಂದಿತ್ತು.

"ಎಂಟು ಗಂಟೆ ಬಸ್ಸು ನಿನ್ ತಲೆ ಹತ್ರಾನೇ ಹಾರನ್ ಹೊಡ್ಕಂಡ್ ಹೋಯ್ತು," ಅಂದ ಅವನು, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ. "ಏಳು, ಹತ್ತಕ್ಕೆ ಇನ್ನೊಂದೈತೆ. ಅಮ್ಮ ಇಬ್ರಿಗೂ ರೊಟ್ಟಿ ಕಟ್ತಾವ್ಳೆ."