ನೆಲ ನಡುಗಿದ್ರೆ ಹೊಡ್ಕೊಳ್ಳೋ ಬೆಲ್ಲು

ಪರದೆ ಮೇಲೆ ಆ ಹುಡುಗ ಗುಂಡಿ ಒತ್ತಿದ. ನಾವು ಕೂತಿದ್ದ ಬೆಂಚು ನಿಜವಾಗ್ಲೂ ಅಲ್ಲಾಡ್ತು.

ಮುಂದಿನ ಸಾಲಿನ ಹುಡುಗ್ರು ಸೀಟಿ ಹೊಡೆದ್ರು. ನಾನೂ ಹೊಡೆದೆ. ಇಂಗ್ಲಿಷ್ ಪಿಕ್ಚರ್ ಅಂದ್ರೆ ಹಿಂಗಿರಬೇಕು ಅಂದ್ಕಂಡೆ. ಆದ್ರೆ ಹಿಂದಿನ ಬೆಂಚಿನ ದೊಡ್ಡೋರು ಯಾರೂ ಸೀಟಿ ಹೊಡೀಲಿಲ್ಲ. ಬೀಡಿ ಕಾಲಡಿ ಹಾಕಿ ಹೊಸಕಿ ಎದ್ರು. ಬಾಗಿಲ ಕಡೆ ಹೋದ್ರು. ನನ್ ಪಕ್ಕ ಕೂತಿದ್ದ ಸೆಲ್ವನೂ ಎದ್ದ.

"ಬರ್ಸ್ಟ್ ಕಣ್ಲಾ. ಅಪ್ಪ ಕೆಳಗವ್ರೆ," ಅಂದ.

ಬೇರೆ ಊರೋರಿಗೆ ಇದನ್ನ ಹೇಳಬೇಕು. ಕೆ.ಜಿ.ಎಫ್ ಗಣಿಯಾಗೆ ತುಂಬಾ ಆಳಕ್ಕೆ ಹೋದ್ರೆ ಬಂಡೆ ಭಾರ ತಡೀದೆ ತಾನಾಗೇ ಸಿಡೀತದೆ. ಅದಕ್ಕೆ ಬರ್ಸ್ಟ್ ಅಂತೀವಿ. ಮೇಲೆ ಮನೆಗಳಲ್ಲಿ ಪಾತ್ರೆ ಗಲಗಲ ಅಂತಾವೆ, ಅಷ್ಟೇ. ಕೆಳಗೆ ಯಾರ ಗಂಡ, ಯಾರ ಮಗ ಇದ್ದಾನೋ ಅವರು ಶಾಫ್ಟ್ ಅನ್ನೋ ಗಣಿ ಬಾವಿ ಬಾಯಿ ಹತ್ರ ಓಡ್ತಾರೆ. ನಾವೂ ಓಡಿದ್ವಿ. ಪಿಕ್ಚರ್ ಅರ್ಧಕ್ಕೇ ಹೋಯ್ತು. ಸೆಲ್ವನ ಅಪ್ಪ ತಲೆ ತುಂಬ ಧೂಳು ಮಾಡ್ಕಂಡು ಕೇಜಲ್ಲಿ, ಅಂದ್ರೆ ಗಣಿ ಲಿಫ್ಟಲ್ಲಿ, ಮೇಲೆ ಬಂದ್ರು. ಆವತ್ತು ಇಬ್ರಿಗೆ ಕಾಲು ಮುರೀತು. ಯಾರೂ ಸಾಯಲಿಲ್ಲ.

ಆಗ ನಂಗೆ ಹನ್ನೆರಡು, ಸೆಲ್ವಂಗೆ ಹದ್ನಾಕು. ನಮ್ದು ಕಾಮಸಮುದ್ರದ ಕಡೆ ಹಳ್ಳಿ. ಮನೇಲಿ ನಾಲ್ಕು ಹಸ. ನಮ್ಮಪ್ಪಂಗೆ ಸೊಂಟ ಹಿಡ್ಕಂಡ ಮೇಲೆ ಮಾರಿಕುಪ್ಪಂ ಹತ್ರ ಗಣಿ ಕೆಲಸದೋರ ಸಾಲು ಮನೆಗಳಿಗೆ, ಅಂದ್ರೆ ಲೈನಿಗೆ, ನಾನೇ ಸೈಕಲ್ಲಲ್ಲಿ ಹಾಲು ಹಾಕ್ತಿದ್ದೆ. ಇಸ್ಕೂಲು ಆರನೇ ಕ್ಲಾಸಿಗೇ ಬಿಟ್ಟಿದ್ದೆ. ಅದಕ್ಕೆ ಬರೆಯೋದು ಹಿಂಗೇ ಬತ್ತದೆ, ಬೇಜಾರು ಮಾಡ್ಕಬೇಡಿ. ಸೆಲ್ವನ ಮನೆ ಲೈನಲ್ಲಿ ಮೊದಲನೇದು. ಹಾಲು ಹಾಕಿ ಆದ್ಮೇಲೆ ಅವರಮ್ಮ ರಾತ್ರಿ ನೀರಲ್ಲಿಟ್ಟ ಅನ್ನ, ಸುಟ್ಟ ಕರವಾಡು ಕೊಡೋರು. ಆ ಒಣಮೀನಿನ ವಾಸನೆ ಮನೆಗೆ ತಂದ್ರೆ ನಮ್ಮಮ್ಮ ಬಾಗಿಲಲ್ಲೇ ನಿಲ್ಸಿ ತಲೆ ಮೇಲೆ ನೀರು ಹುಯ್ಯೋಳು.

ಶನಿವಾರ ಮ್ಯಾಟ್ನಿಗೆ ಇಂಗ್ಲಿಷ್ ಪಿಕ್ಚರ್. ಆ ಕಾಲದಾಗೆ ಒಂದೇ ತರದ್ದು ಒಂದರ ಹಿಂದೆ ಒಂದು ಬರ್ತಿದ್ವು. ಹದಿನಾರು ವರ್ಷದ ಹುಡುಗ, ಕನ್ನಡಕ, ಇಸ್ಕೂಲಲ್ಲಿ ಎಲ್ರೂ ಗೇಲಿ ಮಾಡ್ತಾರೆ. ಕಾರು ನಿಲ್ಸೋ ಶೆಡ್ಡಲ್ಲಿ ಕೂತು ಏನೋ ಮಾಡ್ತಾನೆ. ಅದು ನೋಡಿದ್ರೆ ಊರೇ ಸುಡೋ ಅಂತದ್ದು. ಮಿಲಿಟ್ರಿ ಬತ್ತದೆ, ಹೆಲಿಕಾಪ್ಟರ್ ಬತ್ತದೆ, ಕೆಟ್ಟೋರು ಬತ್ತಾರೆ. ಅಷ್ಟೂ ಜನಕ್ಕಿಂತ ಆ ಹುಡುಗಂಗೇ ಬುದ್ಧಿ ಜಾಸ್ತಿ. ನಮಗೆ ಒಂದು ಮಾತೂ ಅರ್ಥ ಆಗ್ತಿರಲಿಲ್ಲ. ಆದ್ರೂ ಬಾಯಿ ಬಿಟ್ಕಂಡು ನೋಡ್ತಿದ್ವಿ. ದೊಡ್ಡೋರು ಒಬ್ಬ ಹುಡುಗನ ಮುಂದೆ ನಿಂತು ಈಗೇನು ಮಾಡೋದು ಅಂತ ಕೇಳೋದು ಬೇರೆ ಎಲ್ಲಿ ನೋಡಾಕೆ ಸಿಕ್ತದೆ?

ನಾನು ಬೆಂಕಿ ನೋಡ್ತಿದ್ದೆ. ಸೆಲ್ವ ಆ ಹುಡುಗನ ಟೇಬಲ್ ನೋಡ್ತಿದ್ದ. "ಆ ಕೆಂಪು ವೈರು ಎಲ್ಲೂ ಸೇರೇ ಇಲ್ಲ ಕಣ್ಲಾ, ಸುಮ್ನೆ ಲೈಟ್ ಮಿಣಕ್ ಮಿಣಕ್ ಅನ್ನಿಸ್ತಾವ್ರೆ," ಅಂತ ನನ್ ಕಿವಿಗೆ ಹೇಳೋನು. ಮನೆಗೆ ಬಂದು ಇದ್ದಲಲ್ಲಿ ನೆಲದ ಮೇಲೆ ಬರೆದು, ಅದು ಹೆಂಗೆ ಸೇರಬೇಕಿತ್ತು ಅಂತ ತೋರಿಸೋನು. ಅಮೆರಿಕಾದೋನ ತಪ್ಪು ಹಿಡಿಯೋನು ನಾನು ಹಾಲು ಹಾಕೋ ಲೈನಲ್ಲೇ ಅವ್ನೆ ಅಂತ ನಂಗೆ ಹೆಮ್ಮೆ. ಅವನ ಗೋಲಿ ಚೀಲ ಹೊತ್ಕಂಡು ಅವನ ಹಿಂದೆ ತಿರುಗ್ತಿದ್ದೆ.

ಆ ಬರ್ಸ್ಟ್ ಆದ ಸಾಯಂಕಾಲ ಶಾಫ್ಟಿಂದ ವಾಪಸ್ ಬರುವಾಗ ಅವನೇ ಅಂದ, "ಅವನ್ಯಾವನೋ ನೆಲ ನಡುಗಿಸೋ ಮಿಷಿನ್ ಮಾಡವ್ನೆ. ನಮಗ್ಯಾಕ್ಲಾ ಅದು? ನಡುಗೋಕೆ ಮುಂಚೆ ಹೇಳೋದು ಬೇಕು ನಮಗೆ."

ಪಿಕ್ಚರಲ್ಲಿ ಹುಡುಗನ ಕೈಗೆ ಬೇಕಾದ ಸಾಮಾನೆಲ್ಲಾ ಸಿಕ್ತದೆ. ಸೆಲ್ವಂಗೆ ಒಂದು ಕರೆಂಟ್ ಬೆಲ್ ಸಿಗಾಕೆ ಎರಡು ತಿಂಗಳಾಯ್ತು. ಆಂಡರ್ಸನ್‌ಪೇಟೆ ಗುಜರಿ ಅಂಗಡಿಯೋನ ರೇಡಿಯೋ ರಿಪೇರಿ ಮಾಡ್ಕೊಟ್ಟು ಈಸ್ಕಂಡ. ಗಾರೆ ಕೆಲಸದೋರು ಗೋಡೆ ನೇರ ನೋಡೋ ಗುಂಡು ಇರ್ತದಲ್ಲ, ಅದನ್ನ ಮನೆ ತೊಲೆಯಿಂದ ದಾರ ಕಟ್ಟಿ ಇಳಿಬಿಟ್ಟ. ಗಾಳಿ ತಾಗಬಾರ್ದು ಅಂತ ಸುತ್ತ ಸೀಮೆಎಣ್ಣೆ ಡಬ್ಬ. ಗುಂಡಿನ ತುದಿ ಸುತ್ತ ತಾಮ್ರದ ವೈರಿನ ಬಳೆ. ಗುಂಡಿಗೊಂದು ವೈರು, ಬಳೆಗೊಂದು ವೈರು, ನಡುವೆ ಟಾರ್ಚ್ ಸೆಲ್ಲು, ಬೆಲ್ಲು. ನೆಲ ಒಂಚೂರು ಅಲ್ಲಾಡಿದ್ರೂ ಗುಂಡು ತೂಗಾಡಿ ಬಳೆಗೆ ತಾಗ್ತದೆ, ಬೆಲ್ ಹೊಡ್ಕಂತದೆ. ಟಾರ್ಚ್ ಸೆಲ್ ಇಳಿದೋದ್ರೆ ಬಿಸಿಲಿಗೆ ಇಟ್ಟು ಮತ್ತೆ ಹಾಕೋನು. ಇಷ್ಟೇ. ಕೇಳಾಕೆ ಸುಲಭ. ಮಾಡಿದೋನು ಅವನೊಬ್ಬನೇ.

ಮೊದಮೊದಲು ಮಾರಿಕುಪ್ಪಂಗೆ ರೈಲು ಬಂದ್ರೂ ಹೊಡ್ಕಂತಿತ್ತು. ಬಳೆ ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ರೈಲಿನ ಬಾಯಿ ಮುಚ್ಚಿಸಿದ. ಅವರಮ್ಮ ಒರಳುಕಲ್ಲು ಹೊರಗಡೆ ನಲ್ಲಿ ಹತ್ರ ತಳ್ಳಿ, ನನ್ ಮನೇಲಿ ನಾನೇ ಕಳ್ಳಿ ತರ ಓಡಾಡಬೇಕು ಅಂತ ಗೊಣಗೋರು. ಹಂಗಂದ್ರೂ ನೋಡಾಕೆ ಬಂದೋರಿಗೆಲ್ಲಾ ಕಾಫಿ ಕೊಡೋರು. ಆ ಮನೆ ಗೋಡೆ ಬಿದಿರು ತಟ್ಟೀದು, ತೊಲೆಗೆ ಸೇರ್ಕಂಡಿತ್ತು. ಗೋಡೆಗೆ ಯಾರೂ ಒರಗಬಾರ್ದು, ಸೈಕಲ್ ನಲ್ಲಿ ಹತ್ರಾನೇ ನಿಲ್ಲಿಸಬೇಕು ಅಂತ ಸೆಲ್ವ ನಂಗೆ ನೂರು ಸಲ ಹೇಳಿದ್ದ.

ಆ ಮಿಷಿನ್ ಸುಳ್ಳಲ್ಲ. ನಮಗೆ ಗೊತ್ತಾಗದಷ್ಟು ಸಣ್ಣ ನಡುಕಕ್ಕೂ ಹೊಡ್ಕಂತಿತ್ತು. ಎರಡು ಸಲ ಬೆಳಗಿನ ಜಾವ ಸಣ್ಣಗೆ ಹೊಡ್ಕಂಡು, ಮಧ್ಯಾಹ್ನದೊಳಗೆ ದೊಡ್ಡ ಬರ್ಸ್ಟ್ ಆಯ್ತು. ಎರಡು ಸಲಾನೂ ಸೆಲ್ವನ ಅಪ್ಪಂಗೆ ರಾತ್ರಿ ಪಾಳಿ ಇತ್ತು, ಬೆಳಗ್ಗೆ ಮನೇಲಿದ್ರು. ಎರಡನೇ ಸಲ ಆದ್ಮೇಲೆ ಸೆಲ್ವ ನನ್ ಭುಜ ಹಿಡ್ಕಂಡು, "ನಂಗೆ ಗೊತ್ತಾಗ್ತೈತೆ ಕಣ್ಲಾ," ಅಂದ. ಅವನ ಮುಖ ಹಂಗೆ ನಾನು ಯಾವತ್ತೂ ನೋಡಿರಲಿಲ್ಲ. ಪಿಕ್ಚರ್ ಹುಡುಗ್ರ ಮುಖ ಅದರ ಮುಂದೆ ಏನೂ ಇಲ್ಲ.

ಆಮೇಲೆ ಬಂತು ಆ ಬೆಳಗ್ಗೆ. ತುಂತುರು ಮಳೆ, ಚಳಿ. ನಂಗೆ ತಡ ಆಗಿತ್ತು. ನಲ್ಲಿ ಹತ್ರ ಕೆಸರು ಇತ್ತು ಅಂತ ಸೈಕಲ್ ತಂದು ತಟ್ಟಿ ಗೋಡೆಗೆ ಒರಗಿಸಿದೆ. ಹ್ಯಾಂಡಲ್ ತಟ್ಟಿಗೆ ಟಕ್ ಅಂತ ತಗುಲ್ತು. ಒಳಗೆ ಬೆಲ್ ಹೊಡ್ಕಂತು.

ಸೈಕಲ್ ಎತ್ತಿ ದೂರ ನಿಲ್ಲಿಸೋಷ್ಟರಲ್ಲಿ ಸೆಲ್ವ ಹೊರಗೆ ಬಂದ. "ಕೇಳಿಸ್ತಾ?" ಅಂದ. ನಾನು ಹೂಂ ಅಂದೆ. ಅಷ್ಟೇ ಅಂದೆ. ಹೇಳಿದ್ರೆ ಬೈತಾನೆ, ಇನ್ನು ಮನೆ ಹತ್ರ ಸೇರಿಸಲ್ಲ ಅಂತ ಭಯ.

ಅವರಪ್ಪಂಗೆ ಆವತ್ತು ಆರು ಗಂಟೆ ಪಾಳಿ. ಗಣಿಗೆ ಇಳಿಯೋರಿಗೆಲ್ಲಾ ನಂಬರ್ ಹೊಡೆದ ಹಿತ್ತಾಳೆ ಟೋಕನ್ ಇರ್ತದೆ. ಅದಿಲ್ದೆ ಕೇಜ್ ಹತ್ರಾನೂ ಬಿಡಲ್ಲ. ಅವರು ಹಿತ್ತಲಲ್ಲಿ ಮುಖ ತೊಳೀತಿದ್ರು. ಸೆಲ್ವ ಗೂಟಕ್ಕೆ ಹಾಕಿದ್ದ ಅಂಗಿ ಜೇಬಿಂದ ಟೋಕನ್ ತೆಗೆದು ನನ್ ಹಾಲಿನ ಕ್ಯಾನೊಳಗೆ ಹಾಕಿದ. ಬ್ಲುಕ್ ಅಂತು. "ಓಗ್ತಾ ಇರು. ಆರು ಗಂಟೆ ಆಗೋವರ್ಗೂ ಬರಬೇಡ," ಅಂದ. ನಾನು ಹೋದೆ.

ಐದನೇ ಮನೆ ಅಪ್ಪಾವು ಅಣ್ಣಂದು. ಅವರಿಗೆ ಆವತ್ತು ರಜ. ಮಗಳಿಗೆ ಕಿವಿ ಚುಚ್ಚಿಸಾಕೆ ಬಂಗಾರಪೇಟೆಗೆ ರೈಲಿಗೆ ಹೊರಟಿದ್ರು. ಮಗುಗೆ ಹಳದಿ ಗೌನು ಹಾಕಿದ್ರು. ನಾನು ಹಾಲು ಅಳೀತಾ ಇರುವಾಗ ಮೇಸ್ತ್ರಿ ಕಡೆಯಿಂದ ಆಳು ಬಂದು, ಸೆಲ್ವನ ಅಪ್ಪ ಟೋಕನ್ ಸಿಗ್ತಿಲ್ಲ ಅಂತ ಹೇಳಿ ಕಳಿಸವ್ರೆ, ಅವರ ಜಾಗಕ್ಕೆ ನೀನು ಇಳೀಬೇಕು ಅಂದ. ಅಪ್ಪಾವು ಅಣ್ಣ ಅವನ ವಂಶನೆಲ್ಲಾ ಬೈದ್ರು. ಬೈತಾನೇ ಪಂಚೆ ಬಿಚ್ಚಿ ನಿಕ್ಕರ್ ಹಾಕ್ಕಂಡ್ರು. ಮಗು ಅಳ್ತು. "ನಿನ್ ಕಿವಿ ಎಲ್ಲೂ ಓಡಿಹೋಗಲ್ಲ, ನಾಳೆ ಚುಚ್ಚಿಸ್ತೀನಿ," ಅಂತ ಅದರ ಕಿವಿ ಹಿಡಿದು ಎಳೆದು ಹೋದ್ರು.

ಕ್ಯಾನ್ ನನ್ ಕೈಲೇ ಇತ್ತು. ಟೋಕನ್ ಅದರೊಳಗೇ ಇತ್ತು. ಕೂಗಿದ್ರೆ ಕೇಳಿಸೋಷ್ಟು ದೂರದಲ್ಲೇ ಅವರು ನಡೀತಿದ್ರು. ನಾನು ಕೂಗಲಿಲ್ಲ.

ಸೆಲ್ವನ ಮನೆಗೆ ವಾಪಸ್ ಓಡಿದೆ. ಅವರಪ್ಪ ಟ್ರಂಕು ಮಗುಚಿ ಹುಡುಕ್ತಿದ್ರು. ಸೆಲ್ವ ನೆಟ್ಟಗೆ ನಿಂತು ಒಪ್ಕಂಡ. ಬೆಲ್ ಹೊಡ್ಕಂತು, ಇವತ್ತು ಬರ್ಸ್ಟ್ ಆಗ್ತದೆ, ಅದಕ್ಕೇ ನಾನೇ ಬಚ್ಚಿಟ್ಟೆ ಅಂದ. ಹೊಡೀತಾರೆ ಅಂದ್ಕಂಡೆ. ಹೊಡೀಲಿಲ್ಲ. ಮಿಷಿನ್ ಮುಂದೆ ಕುಕ್ಕರಗಾಲಲ್ಲಿ ಕೂತು ಗುಂಡು ನೋಡಿದ್ರು.

"ಇದು ನಿಜ ಹೇಳ್ತೈತಾ ಡಾ?"

"ನಿಜ ಅಪ್ಪಾ."

"ಹಂಗಾದ್ರೆ ನನ್ ಜಾಗಕ್ಕೆ ಇಳಿದೋನು?"

ಸೆಲ್ವಂಗೆ ಅದು ಹೊಳೆದೇ ಇರಲಿಲ್ಲ. ಅಪ್ಪಾವು ಅಣ್ಣ ಹೋದ್ರು ಅಂತ ನಾನಂದೆ.

ಅವರಪ್ಪ ಅಂಗಿ ಹಾಕ್ಕಂಡು ಮಗನ ಕೈ ಹಿಡ್ಕಂಡು ಶಾಫ್ಟ್ ಹತ್ರ ಹೋದ್ರು. ನಾನು ಹಿಂದೆ. ಅಷ್ಟರಲ್ಲಿ ಕೇಜ್ ಇಳಿದಿತ್ತು. ಅವರು ಮೇಸ್ತ್ರಿಗೆ ಇದ್ದದ್ದು ಇದ್ದಂಗೆ ಹೇಳಿದ್ರು, ಎಲ್ರನ್ನೂ ಮೇಲೆ ಕರೀರಿ ಅಂದ್ರು. ಮೇಸ್ತ್ರಿ ನಕ್ಕ. ಸೀಮೆಎಣ್ಣೆ ಡಬ್ಬ ಹೇಳ್ತು ಅಂತ ಪಾಳಿ ನಿಲ್ಲಿಸಾಕಾಗ್ತದಾ ಅಂದ. ಮನೆಗೆ ಹೋಗಿ ಮಲಕ್ಕೋ ಅಂದ. ಅವರು ಹೋಗಲಿಲ್ಲ. ಗೋಡೆ ಪಕ್ಕ ನಿಂತ್ರು. ಮಳೇಲೇ ನಿಂತ್ರು. ಮಧ್ಯಾಹ್ನ ಎರಡು ಗಂಟೆ ಆಗೋವರ್ಗೂ, ಪಾಳಿ ಪೂರ್ತಿ.

ನಾವು ಮೂರೂ ಜನ ಶಾಫ್ಟ್ ಮೇಲೆ ಕೇಜಿನ ಹಗ್ಗ ಎಳೆಯೋ ಚಕ್ರ ನೋಡ್ತಿದ್ವಿ. ಚಕ್ರ ತಿರುಗಿದ್ರೆ ಕೇಜ್ ಓಡಾಡ್ತಾ ಐತೆ, ಎಲ್ಲಾ ಸರಿ ಐತೆ ಅಂತ. ಅದು ನಿಂತಾಗೆಲ್ಲಾ ಸೆಲ್ವ ನನ್ ಮೊಣಕೈ ಹಿಡ್ಕಳೋನು. ಅವನ ಉಗುರು ಚುಚ್ಚೋದು. ಸೈಕಲ್ ತಗುಲ್ತು, ಬೇರೇನೂ ಅಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ ಅಪ್ಪ ಮಗ ಇಬ್ರೂ ಉಸಿರು ಬಿಡೋರು. ನಾಲಿಗೆ ತುದಿಗೆ ಬಂದಿತ್ತು. ಅಷ್ಟು ಹೊತ್ತು ಸುಮ್ನಿದ್ದು ಈಗ ಹೇಳಿದ್ರೆ ಇನ್ನೂ ಕೆಟ್ಟದು ಅನ್ನಿಸ್ತು. ಮಧ್ಯಾಹ್ನದ ಹೊತ್ತಿಗೆ ಕ್ಯಾನಿಂದ ಟೋಕನ್ ತೆಗೆದು ಸೆಲ್ವನ ಅಪ್ಪಂಗೆ ಕೊಟ್ಟೆ. ಹಾಲು ಒಡೆದು ಅದಕ್ಕೆ ಅಂಟ್ಕಂಡಿತ್ತು. ಅವರು ಅಂಗಿಗೆ ಒರೆಸಿ ಜೇಬಿಗೆ ಹಾಕ್ಕಂಡ್ರು.

ಬರ್ಸ್ಟ್ ಆಗಲಿಲ್ಲ. ಎರಡು ಗಂಟೆಗೆ ಮೇಲೆ ಬಂದ ಕೇಜಲ್ಲಿ ಅಪ್ಪಾವು ಅಣ್ಣ ಕೊನೆಗೆ ಇಳಿದ್ರು. ಇವರನ್ನ ನೋಡಿ, ಏನಣ್ಣಾ, ನಿನ್ ಟೋಕನ್‌ಗೆ ಕಾಲು ಬಂದಿತ್ತಾ ಅಂತ ರೇಗಿಸಿದ್ರು. ಸೆಲ್ವನ ಅಪ್ಪ ನಗಲಿಲ್ಲ. ಅವರ ಟಿಫನ್ ಕ್ಯಾರಿಯರ್ ಈಸ್ಕಂಡು ಮನೆಗಂಟ ತಾವೇ ಹೊತ್ಕಂಡು ಬಂದ್ರು.

ಮನೇಲಿ ಮಗನ್ನ ಕೂರಿಸಿ ಹೇಳಿದ್ದು ಇಷ್ಟೇ: "ಒಳ್ಳೆ ಕೆಲಸ ಮಾಡಿದ್ದೀಯ ಡಾ. ನಮ್ ಲೈನಲ್ಲಿ ಯಾವನೂ ಇಂಥದ್ದು ಮಾಡಿಲ್ಲ. ಆದ್ರೆ ಎಲ್ರಿಗೂ ಹೇಳೋ ಹಂಗಿದ್ರೆ ಹೇಳು. ನನ್ನೊಬ್ಬನ್ನ ಹಿಡ್ಕಂಡು ಇನ್ನೊಬ್ಬನ್ನ ಇಳಿಸಬೇಡ."

ಮಿಷಿನ್ ಇಟ್ಕೋ ಅಂತಾನೇ ಅವರು ಹೇಳಿದ್ದು. ಆದ್ರೆ ಸೆಲ್ವ ಎದ್ದು ದಾರ ಕತ್ತರಿಸಿದ. ಬಳೆ ಬಿಚ್ಚಿದ. ಗುಂಡು ಎತ್ತಿ ಮೂಲೆಗಿಟ್ಟ. ಮಿಷಿನ್ ಸುಳ್ಳು ಹೇಳ್ತು, ನಂಗೆ ಏನೂ ಗೊತ್ತಾಗಲ್ಲ ಅಂದ. ಅವರಮ್ಮ ಬೇಡ ಬೇಡ ಅಂದ್ರು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಆಗಲೂ ಹೇಳಲಿಲ್ಲ.

ಈಗ ಆ ಪಿಕ್ಚರ್‌ಗಳನ್ನ ಟಿವೀಲೇ ಹಾಕ್ತಾರೆ. ಯಾರೂ ಬೆಂಚು ಬಿಟ್ಟು ಏಳಲ್ಲ. ಶಾಫ್ಟ್ ಒಂದೊಂದೇ ಮುಚ್ತಾ ಅವ್ರೆ, ಅಪ್ಪಾವು ಅಣ್ಣ ಬಂಗಾರಪೇಟೆ ಮಂಡೀಲಿ ಮೂಟೆ ಎಣಿಸ್ತಾರೆ. ಅವೆಲ್ಲಾ ಹೋಗೋದು ಇದ್ದದ್ದೇ, ಹೋದ್ವು. ಆದ್ರೆ ಒಂದು ಹೋಗಬಾರ್ದಾಗಿತ್ತು. ಸೆಲ್ವ ಈಗ ಆಂಡರ್ಸನ್‌ಪೇಟೇಲಿ ಮೋಟ್ರು ವೈಂಡಿಂಗ್ ಅಂಗಡಿ ಇಟ್ಟವ್ನೆ. ಸುಟ್ಟ ಮೋಟ್ರು ತಂದ್ರೆ ವಾಸನೆ ನೋಡೇ ಏನಾಗೈತೆ ಅಂತ ಹೇಳ್ತಾನೆ. ಬೋರ್‌ವೆಲ್ ಇರೋ ರೈತರು ಆ ಕಡೆ ಆಂಧ್ರದಿಂದ್ಲೂ ಅವನ ಹತ್ರಾನೇ ಬತ್ತಾರೆ. ಅಂಥ ಕೈ. ಆದ್ರೆ ಹೊಸದು ಒಂದೂ ಮಾಡಲ್ಲ. ಬೇರೆಯೋರು ಮಾಡಿದ್ದನ್ನ ಸರಿ ಮಾಡ್ತಾನೆ, ಅಷ್ಟೇ. ನಂಗೆ ಗೊತ್ತಾಗ್ತೈತೆ ಅನ್ನೋ ಮಾತು ಅವನ ಬಾಯಿಂದ ಮತ್ತೆ ಬಂದಿಲ್ಲ. ಅದನ್ನ ಕಳೆದೋನು ನಾನು.

ಹೋದ ತಿಂಗಳು ನಮ್ ಮೋಟ್ರು ಸುಟ್ಟೋಯ್ತು, ತಗಂಡು ಹೋಗಿದ್ದೆ. ಅವನು ತಾಮ್ರದ ವೈರು ಸುತ್ತುತಾ ಕೂತಿದ್ದ. ತಡೀಲಾರ್ದೆ ಹೇಳಿಬಿಟ್ಟೆ. ಸೈಕಲ್, ತಟ್ಟಿ ಗೋಡೆ, ಎಲ್ಲಾ.

ಅವನು ವೈರು ಬಿಟ್ಟ. ಬೈಲಿಲ್ಲ. ಎದ್ದು ಅಂಗಡಿ ಹಲಗೆ ಮೇಲೆ ಬೆರಳ ಗೆಣ್ಣಲ್ಲಿ ಒಂದು ಸಲ ಬಡಿದ.

"ಇಷ್ಟು ಜೋರಾ?"

"ಇನ್ನೂ ಮೆಲ್ಲಗೆ."

ಮತ್ತೆ ಬಡಿದ. "ಇಷ್ಟಾ?"

"ಇನ್ನೂ ಮೆಲ್ಲಗೆ."

ಬೆರಳು ಹಲಗೆಗೆ ತಾಗಿತೋ ಇಲ್ವೋ ಅನ್ನೋ ಹಂಗೆ ತಾಗಿಸಿದ. ನಾನು ಹೂಂ ಅಂದೆ. ಇನ್ನೊಂದು ಸಲ ಅಷ್ಟೇ ಮೆಲ್ಲಗೆ ತಾಗಿಸಿ ನೋಡಿದ.

"ಇಷ್ಟಕ್ಕೂ ಹೊಡ್ಕಂತಾ ಕಣ್ಲಾ ಅದು," ಅಂದ.

ಇಷ್ಟೇ. ನಂಗೆ ಇನ್ನೇನೂ ಹೇಳಾಕಿಲ್ಲ.